ಒಂದು ಪಾಟ್ ಟೀ, ಬೇಕಾದಷ್ಟು ಹೊತ್ತು

(ಮೈಸೂರಿನ ನಮ್ಮ ಬಡಾವಣೆಯ ಗ್ರಂಥಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಆ ದಿನ ಹೊತ್ತು ಸಾಲದೆ ಬಿಟ್ಟ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಟೀ ರೂಮ್‌ಗಳ ಬಗ್ಗೆ ಮಾತಾಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ನನ್ನ ಅಮ್ಮ. ಅಮ್ಮ ಇಂಗ್ಲೆಂಡ್ ನೋಡಿದವರಲ್ಲ. ಅಷ್ಟೇ ಯಾಕೆ, ಒಂದು ಸಲವಾದರೂ ಒಬ್ಬರೇ ಹೋಟೆಲಿಗೆ ಹೋಗಿ ಕಾಫಿ ಕುಡಿದವರೂ ಅಲ್ಲ. ಅಪ್ಪನ ಜೊತೆ ಹೋದರೆ ‘ಫ್ಯಾಮಿಲಿ ರೂಮ್’ ಕಡೆ ಕೈ ತೋರಿಸುತ್ತಿದ್ದರು. ನಿಮ್ಮಲ್ಲಿ ಹಿರಿಯರಿಗೆ ಅದು ಚೆನ್ನಾಗಿ ಗೊತ್ತು. ಮರದ ಅಡ್ಡಗೋಡೆ, ಅರ್ಧ ಎಳೆದ ಪರದೆ, ನಾಲ್ಕು ಕುರ್ಚಿ. ಹೊರಗಿನ ಗದ್ದಲ ಕೇಳುತ್ತಿತ್ತು, ಯಾರೂ ಕಾಣುತ್ತಿರಲಿಲ್ಲ. ದೋಸೆ ತಿಂದು, ಕಾಫಿ ಕುಡಿದು ಎದ್ದು ಬರೋದು. ಒಬ್ಬಳೇ ಹೆಂಗಸು ಹೋಟೆಲಿನ ನಡುವಿನ ಟೇಬಲಿನಲ್ಲಿ ಸುಮ್ನೆ ಕೂತಿದ್ದನ್ನು ಅಮ್ಮ ನೋಡಿಯೇ ಇರಲಿಲ್ಲ.

ನಾನು ನಿವೃತ್ತಳಾದ ವರ್ಷ ಮಗಳ ಮನೆಗೆ ಅಂತ ಲೀಡ್ಸ್‌ಗೆ ಹೋಗಿ ಆರು ತಿಂಗಳು ಇದ್ದೆ. ಮಗಳು, ಅಳಿಯ ಕೆಲಸಕ್ಕೆ ಹೊರಟ ಮೇಲೆ ಮನೆ ಬಣಗುಟ್ಟುತ್ತಿತ್ತು. ಒಂದು ಬುಧವಾರ ರೈಲು ಹತ್ತಿ ಅರ್ಧ ಗಂಟೆ ದೂರದ ಇಲ್ಕ್‌ಲಿ ಅನ್ನುವ ಊರಿಗೆ ಹೋದೆ. ಮೇಲೆ ಮರಗಳಿಲ್ಲದ ಬೋಳು ಗುಡ್ಡ, ಕೆಳಗೆ ವಾರ್ಫ್ ನದಿ. ಜಿಟಿಜಿಟಿ ಮಳೆ. ಕೊಡೆ ಹಿಡಿದು ಎಷ್ಟು ಹೊತ್ತು ನಡೆಯೋದು? ಒಂದು ಓಣಿಯಲ್ಲಿ ಸಣ್ಣ ಟೀ ರೂಮ್ ಕಂಡಿತು. ಬಾಗಿಲು ತಳ್ಳಿದರೆ ಮೇಲೆ ಕಟ್ಟಿದ್ದ ಗಂಟೆ ಟಿಣ್ ಅಂತು.

ಒಳಗೆ ಎಂಟೋ ಹತ್ತೋ ಟೇಬಲ್. ಒಂದು ಟೇಬಲಿನ ಕೆಳಗೆ ನಾಯಿ ಮಲಗಿತ್ತು. ಕಿಟಕಿ ಪಕ್ಕದಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಬ್ಬರೇ ಕೂತು ಪತ್ರಿಕೆಯ ಪದಬಂಧ ತುಂಬಿಸುತ್ತಿದ್ದರು. ನಾನು ಪಕ್ಕದ ಟೇಬಲಿಗೆ ಹೋದೆ. ಅಲ್ಲಿ ‘ಒಂದು ಟೀ’ ಅಂದರೆ ಕಪ್ ಬರುವುದಿಲ್ಲ. ಒಂದು ಪಾಟ್ ಬರುತ್ತದೆ. ಅದರ ಜೊತೆ ಒಂದು ಸಂಸಾರವೇ ಬರುತ್ತದೆ.

ಪಿಂಗಾಣಿಯ ಟೀ ಪಾಟ್, ಅದರ ಮೇಲೆ ಉಣ್ಣೆಯಲ್ಲಿ ಹೆಣೆದ ಮುಸುಕು. ನಮ್ಮಲ್ಲಿ ಕೂಸಿಗೆ ಕುಲಾವಿ ಹಾಕುತ್ತಾರಲ್ಲ, ಥೇಟ್ ಹಾಗೇ. ಅದಕ್ಕೆ ‘ಕೋಝಿ’ ಅನ್ನುತ್ತಾರೆ. ಪಾಟಿನ ಪಕ್ಕ ಬಿಸಿನೀರಿನ ಇನ್ನೊಂದು ಜಗ್. ಹಾಲಿಗೆ ಬೆರಳುದ್ದದ ಪುಟ್ಟ ಜಗ್. ಹಾಲು ಬಿಸಿ ಇರುವುದಿಲ್ಲ, ತಣ್ಣಗಿರುತ್ತದೆ. ಸೋಸಲು ಪುಟ್ಟ ಜಾಲರಿ, ಆ ಜಾಲರಿ ಇಡಲು ಅದಕ್ಕೇ ಅಂತ ಒಂದು ಬಟ್ಟಲು. ಕಪ್ಪು, ಸಾಸರ್, ಚಮಚ. ಸಕ್ಕರೆ ಗಟ್ಟಿಗಳಿರುವ ಡಬ್ಬಿ. ಇಷ್ಟೂ ಒಬ್ಬಳಿಗೆ! ನಾನು ಜಾಲರಿ ಎಲ್ಲಿಡಬೇಕು ಅಂತ ನೋಡುತ್ತಿದ್ದಾಗ ಪಕ್ಕದ ಅಜ್ಜಿ ತಲೆ ಎತ್ತಿದರು. ‘ಅವಸರ ಬೇಡಮ್ಮ, ಇನ್ನೂ ಎರಡು ನಿಮಿಷ ಬಿಡು’ ಅನ್ನುವ ಹಾಗೆ ಏನೋ ಹೇಳಿ ಮತ್ತೆ ಪದಬಂಧಕ್ಕೆ ಮರಳಿದರು. ಬಿಟ್ಟೆ. ಆಮೇಲೆ ಬಗ್ಗಿಸಿದರೆ ಒಳ್ಳೆ ತಾಮ್ರದ ಬಣ್ಣ. ಹಾಲು ಬಿದ್ದ ಕೂಡಲೇ ಅದು ಹೊಗೆಯ ಹಾಗೆ ಮೇಲೆದ್ದು ಕಪ್ಪಿನ ತುಂಬಾ ಹರಡಿತು.

ಮೊದಲ ಕಪ್ ತಿಳಿ. ಎರಡನೆಯದು ಕಡಕ್. ಮೂರನೆಯದಕ್ಕೆ ಬಿಸಿನೀರು ಸೇರಿಸಬೇಕು. ಇಷ್ಟು ಕುಡಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ‘ಬೇರೆ ಏನು ಬೇಕು’ ಅಂತ ಯಾರೂ ಬಂದು ನಿಲ್ಲಲಿಲ್ಲ. ಬಿಲ್ ತಂದಿಡಲಿಲ್ಲ. ಬಡಿಸುವ ಹುಡುಗಿ ಬಂದಳು, ಬಿಸಿನೀರಿನ ಜಗ್ ಎತ್ತಿ ನೋಡಿದಳು, ಕೇಳದೇ ತುಂಬಿಸಿ ತಂದಿಟ್ಟಳು. ನನಗೆ ಟೀ ರೂಮ್ ಅಂದರೆ ಇವತ್ತಿಗೂ ಆ ಬಿಸಿನೀರಿನ ಜಗ್ಗೇ ಕಣ್ಣಿಗೆ ಬರುತ್ತದೆ. ‘ಇನ್ನೂ ಕೂತಿರಿ’ ಅಂತ ಅವಳು ಹೇಳಿದ ಬಗೆ ಅದು.

ನಮ್ಮ ದರ್ಶಿನಿಯನ್ನು ನಾನು ಕಡಿಮೆ ಮಾಡುತ್ತಿಲ್ಲ. ನಿಂತುಕೊಂಡು ಕುಡಿಯುವ ಬೈಟು ಕಾಫಿಯ ರುಚಿ ಬೇರೆಲ್ಲೂ ಸಿಗಲ್ಲ. ಅದು ಬೇರೆ ಸುಖ. ನಾನು ಹೇಳುತ್ತಿರುವುದು ಒಂದು ಪಾಟ್ ಟೀ ದುಡ್ಡಿಗೆ ಒಂದು ಕುರ್ಚಿ, ಒಂದು ಕಿಟಕಿ ಮತ್ತು ಒಂದು ಗಂಟೆ ಹೊತ್ತನ್ನು ಕೊಡುವ ಜಾಗದ ಬಗ್ಗೆ. ಇಂಥ ಜಾಗ ತಾನಾಗಿ ಹುಟ್ಟಲಿಲ್ಲ. ಯಾರಿಗೆ ಕೂರಲು ಜಾಗ ಇರಲಿಲ್ಲವೋ ಅವರಿಗಾಗಿ ಹುಟ್ಟಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1662ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್, ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನನ್ನು ಮದುವೆಯಾಗಿ ಬಂದಳು. ಮುಂಬಯಿ ಬ್ರಿಟಿಷರ ಕೈ ಸೇರಿದ್ದು ಇದೇ ಮದುವೆಯ ಒಪ್ಪಂದದಲ್ಲಿ. ಅವಳಿಗೆ ಟೀ ಅಭ್ಯಾಸ ಇತ್ತು. ಅರಮನೆಯಲ್ಲಿ ಟೀ ರೂಢಿಯಾಯಿತು. ಊರಲ್ಲಿ ಟೀ ಸಿಗುತ್ತಿದ್ದದ್ದು ಕಾಫಿ ಹೌಸ್‌ಗಳಲ್ಲಿ. ಅವು ಗಂಡಸರ ಅಡ್ಡಾ. ವ್ಯಾಪಾರ, ರಾಜಕೀಯ, ಹರಟೆ ಎಲ್ಲ ಅವರದೇ. ಥಾಮಸ್ ಟ್ವೈನಿಂಗ್ 1706ರಲ್ಲಿ ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಶುರು ಮಾಡಿದ್ದೂ ಕಾಫಿ ಹೌಸೇ. ಅದೇ ಜಾಗದಲ್ಲಿ ಟ್ವೈನಿಂಗ್ಸ್ ಟೀ ಅಂಗಡಿ ಇವತ್ತಿಗೂ ಇದೆ.

ಆಗ ಟೀ ಬಲು ದುಬಾರಿ. ತೆರಿಗೆಯೇ ಶೇಕಡ 119ರವರೆಗೆ ಏರಿತ್ತು. ಹಾಗಾಗಿ ಕಳ್ಳಸಾಗಣೆ ಜೋರು. 1784ರಲ್ಲಿ ಪ್ರಧಾನಿ ಪಿಟ್ ಅದನ್ನು ಒಂದೇ ಏಟಿಗೆ ಶೇಕಡ 12.5ಕ್ಕೆ ಇಳಿಸಿದರು. ಅಲ್ಲಿಂದಾಚೆಗೆ ಟೀ ಬಡವರ ಮನೆಗೂ ಬಂತು. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆ್ಯನಾ, ಮಧ್ಯಾಹ್ನಕ್ಕೂ ರಾತ್ರಿ ಊಟಕ್ಕೂ ನಡುವೆ ಹಸಿವು ತಡೆಯಲಾರದೆ ಟೀ, ಬ್ರೆಡ್ಡು ತರಿಸಿಕೊಂಡು ‘ಆಫ್ಟರ್‌ನೂನ್ ಟೀ’ ಶುರು ಮಾಡಿದಳು ಅನ್ನುವ ಕತೆಯನ್ನು ನೀವು ಎಲ್ಲಾದರೂ ಓದಿರುತ್ತೀರಿ. ಇದು ದೊಡ್ಡ ಮನೆಯ ಪದ್ಧತಿ. ನನಗೆ ಅದಕ್ಕಿಂತ ಬೀದಿಯ ಕತೆ ಮುಖ್ಯ.

ಹತ್ತೊಂಬತ್ತನೇ ಶತಮಾನದ ಕೊನೆಯ ಲಂಡನ್ ನೆನೆಸಿಕೊಳ್ಳಿ. ರೈಲು ಬಂದಿದೆ. ದೊಡ್ಡ ದೊಡ್ಡ ಬಟ್ಟೆ ಅಂಗಡಿಗಳು ಎದ್ದಿವೆ. ಟೈಪ್‌ರೈಟರ್ ಬಂದಿದೆ, ಹೆಣ್ಣುಮಕ್ಕಳು ಆಫೀಸು ಸೇರುತ್ತಿದ್ದಾರೆ. ಆದರೆ ಬೆಳಗ್ಗೆ ಮನೆ ಬಿಟ್ಟ ಹೆಂಗಸು ಮಧ್ಯಾಹ್ನ ಎಲ್ಲಿ ಕೂರಬೇಕು? ಪಬ್ಬು ಮರ್ಯಾದಸ್ಥ ಹೆಂಗಸರಿಗೆ ಸಲ್ಲದು. ಗಂಡಸಿನ ಜೊತೆ ಇಲ್ಲದೆ ಹೋಟೆಲಿಗೆ ಹೋದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಹೆಂಗಸರಿಗೆ ಶೌಚಾಲಯವೂ ಸರಿಯಾಗಿ ಇಲ್ಲ. ಈ ಕಷ್ಟ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬಸ್ ಪ್ರಯಾಣ ಇದೆ ಅಂತ ಬೆಳಗಿನಿಂದ ನೀರೇ ಕುಡಿಯದವರು ಈ ಕೋಣೆಯಲ್ಲೇ ಎಷ್ಟು ಜನ ಇದ್ದೀರೋ.

1864ರಲ್ಲಿ ಲಂಡನ್ನಿನ ಒಂದು ಬ್ರೆಡ್ ಕಂಪನಿ, ಏರೇಟೆಡ್ ಬ್ರೆಡ್ ಕಂಪನಿ ಅಂತ, ತನ್ನ ಅಂಗಡಿಯಲ್ಲಿ ಟೀ ಕೊಡಲು ಶುರು ಮಾಡಿತು. ಅಂಗಡಿ ನೋಡಿಕೊಳ್ಳುತ್ತಿದ್ದ ಹೆಂಗಸು ಬಂದ ಗಿರಾಕಿಗಳಿಗೆ ಟೀ ಕೊಡುತ್ತಿದ್ದಳು, ಇದನ್ನೇ ಯಾಕೆ ವ್ಯಾಪಾರ ಮಾಡಬಾರದು ಅಂತ ಮಾಲೀಕರಿಗೆ ಅವಳೇ ಹೇಳಿದಳು ಅನ್ನುವುದು ರೂಢಿಯ ಮಾತು. ಅವಳ ಹೆಸರು ಉಳಿದಿಲ್ಲ. ಅವಳ ಯೋಚನೆ ಊರೂರಿಗೂ ಹಬ್ಬಿತು. ಗ್ಲಾಸ್ಗೋದಲ್ಲಿ ಕೇಟ್ ಕ್ರಾನ್‌ಸ್ಟನ್ ಅನ್ನುವ ಮಹಿಳೆ 1878ರಿಂದ ಒಂದಾದ ಮೇಲೊಂದು ಟೀ ರೂಮ್ ತೆರೆದರು. ಅದು ಸ್ಕಾಟ್ಲೆಂಡ್ ಆದರೂ ಹೇಳದೇ ಇರಲಾರೆ. ಅವರ ‘ವಿಲ್ಲೋ ಟೀ ರೂಮ್ಸ್’ 1903ರದು. ಚಾರ್ಲ್ಸ್ ರೆನಿ ಮ್ಯಾಕಿಂಟೋಷ್ ಎಂಬ ದೊಡ್ಡ ವಾಸ್ತುಶಿಲ್ಪಿಯಿಂದ ಕಟ್ಟಡ ಮಾತ್ರ ಅಲ್ಲ, ಕುರ್ಚಿಯನ್ನೂ ಮಾಡಿಸಿದರು. ಟೀ ಕುಡಿಯಲು ಬರುವವರಿಗೆ ಅಷ್ಟು ಮರ್ಯಾದೆ!

ಲಂಡನ್ನಿನಲ್ಲಿ 1894ರಲ್ಲಿ ಪಿಕಡಿಲಿ ಬೀದಿಯ 213ನೇ ನಂಬರಿನಲ್ಲಿ ಲಯನ್ಸ್ ಕಂಪನಿಯ ಮೊದಲ ಟೀ ಅಂಗಡಿ ಬಾಗಿಲು ತೆರೆಯಿತು. ಬಿಳಿ ಗೋಡೆ, ಬಂಗಾರದ ಬಣ್ಣದ ಅಕ್ಷರ. ಚೊಕ್ಕಟ, ಅಗ್ಗ. ಟೈಪಿಸ್ಟ್ ಹುಡುಗಿ ತನ್ನ ಸಂಬಳದಲ್ಲೇ ಅಲ್ಲಿ ಹೋಗಿ ಕೂರಬಹುದಿತ್ತು. ಮುಂದೆ ಇಂಥವು ಇನ್ನೂರಕ್ಕೂ ಹೆಚ್ಚಾದವು. ಬಡಿಸುವ ಹುಡುಗಿಯರಿಗೆ 1920ರ ದಶಕದಲ್ಲಿ ‘ನಿಪ್ಪಿ’ ಅಂತ ಹೆಸರು ಬಂತು, ಚುರುಕು ಅಂತ. ಇನ್ನೊಂದು ಮಾತು, ಮಕ್ಕಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಅವರಿಗೆ ಹೇಳಿ. ವ್ಯಾಪಾರದ ಲೆಕ್ಕ ಮಾಡಿದ ಜಗತ್ತಿನ ಮೊದಲ ಕಂಪ್ಯೂಟರ್ ಇದೇ ಟೀ ಕಂಪನಿಯದು. ಹೆಸರು ‘ಲಿಯೋ’. 1951ರಲ್ಲಿ ಅದು ಕೆಲಸ ಶುರು ಮಾಡಿದ್ದು ಬೇಕರಿಯ ಲೆಕ್ಕದಿಂದ. ಕಪ್ಪಿಗೆ ಪುಡಿಗಾಸು ಲಾಭ, ದಿನಕ್ಕೆ ಲಕ್ಷಾಂತರ ಬಿಲ್ಲು. ಕೈಯಲ್ಲಿ ಬರೆದು ಮುಗಿಯುವ ಲೆಕ್ಕವೇ ಅದು?

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಆಕ್ಸ್‌ಫರ್ಡ್ ಬೀದಿಯ ‘ಆ್ಯಲನ್ಸ್ ಟೀ ರೂಮ್ಸ್’. ಇದನ್ನು ನಡೆಸುತ್ತಿದ್ದದ್ದು ಒಬ್ಬ ಹೆಣ್ಣುಮಗಳು. ಅವರ ಅಕ್ಕತಂಗಿಯರಲ್ಲಿ ಒಬ್ಬರು ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದವರು. ಹೋರಾಟದ ಸಂಘದ ಸದಸ್ಯರು ಸಭೆ ಮಾಡುವುದಾದರೆ ಅಲ್ಲಿನ ದೊಡ್ಡ ಕೋಣೆಗೆ ಬಾಡಿಗೆ ಇಲ್ಲ. ಯೋಚಿಸಿ ನೋಡಿ. ಬೀದಿಯಿಂದ ನೋಡುವವರಿಗೆ ನಾಲ್ಕು ಹೆಂಗಸರು ಟೀ ಕುಡಿಯುತ್ತಿದ್ದಾರೆ, ಅಷ್ಟೇ. ಒಳಗೆ ಮುಂದಿನ ಮೆರವಣಿಗೆಯ ಮಾತು ನಡೀತಿದೆ. 1918ರಲ್ಲಿ ಮೂವತ್ತು ದಾಟಿದ, ಒಂದಿಷ್ಟು ಆಸ್ತಿಯ ಷರತ್ತಿಗೆ ಒಳಪಟ್ಟ ಹೆಂಗಸರಿಗೆ ಮತ ಸಿಕ್ಕಿತು. 1928ರಲ್ಲಿ ಗಂಡಸರಷ್ಟೇ ಹಕ್ಕು ಬಂತು. ಟೀ ರೂಮಿನಿಂದಲೇ ಮತ ಬಂತು ಅಂತ ನಾನು ಹೇಳಲ್ಲ. ಆದರೆ ಒಟ್ಟಿಗೆ ಕೂತು ಮಾತಾಡಲು ಮೊದಲು ಒಂದು ಟೇಬಲ್ ಬೇಕಲ್ಲ? ಆ ಟೇಬಲ್ಲು ಅಲ್ಲಿತ್ತು. ನಮ್ಮ ಅಮ್ಮಂದಿರಿಗೆ ಪರದೆ ಹಾಕಿದ ಫ್ಯಾಮಿಲಿ ರೂಮ್ ಇತ್ತು. ಎರಡೂ ಹೆಂಗಸರಿಗೆ ಅಂತಲೇ ಮಾಡಿದ ಜಾಗ. ಒಂದರಲ್ಲಿ ಕಿಟಕಿ ಬೀದಿಗೆ ತೆರೆದಿತ್ತು.

ಲೀಡ್ಸ್, ಇಲ್ಕ್‌ಲಿ ಎರಡೂ ಇರುವ ಯಾರ್ಕ್‌ಷೈರ್ ಸೀಮೆಗೆ ವಾಪಸ್ ಬರ್ತೀನಿ. ಅಲ್ಲಿನ ಹ್ಯಾರೊಗೇಟ್ ಊರಿನಲ್ಲಿ ‘ಬೆಟ್ಟೀಸ್’ ಇದೆ. 1919ರಲ್ಲಿ ಫ್ರೆಡರಿಕ್ ಬೆಲ್ಮಾಂಟ್ ಎಂಬ ಸ್ವಿಸ್ ಮಿಠಾಯಿಗಾರ ತೆರೆದದ್ದು. ಬೆಟ್ಟಿ ಯಾರು ಅನ್ನುವುದು ಇವತ್ತಿಗೂ ಒಗಟು. ಯಾರ್ಕ್ ನಗರದಲ್ಲೂ ಅವರದೊಂದು ದೊಡ್ಡ ಟೀ ರೂಮ್ ಇದೆ. ನಾವು ಹೋದ ದಿನ ಹೊರಗೆ ಮಳೆಯಲ್ಲೇ ಸಾಲು ನಿಂತಿತ್ತು. ಅಲ್ಲಿ ಕೆಳಗಿನ ಮಹಡಿಯಲ್ಲಿ ಒಂದು ಕನ್ನಡಿ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸುತ್ತಮುತ್ತ ವಿಮಾನ ನೆಲೆಗಳಿದ್ದವು. ಕೆನಡಾದಿಂದ, ಬೇರೆ ಬೇರೆ ಕಡೆಯಿಂದ ಬಂದ ಎಳೆ ವಯಸ್ಸಿನ ಹುಡುಗರು ರಜೆ ಸಿಕ್ಕಾಗ ಇಲ್ಲಿಗೆ ಬರುತ್ತಿದ್ದರು. ವಜ್ರದ ಮೊನೆಯ ಲೇಖನಿಯಿಂದ ಆ ಕನ್ನಡಿಯ ಮೇಲೆ ಹೆಸರು ಕೊರೆದು ಹೋದರು. ನೂರಾರು ಹೆಸರು. ಗಾಜಿನಲ್ಲಿ ಸಣ್ಣ ಗೀರುಗಳು, ಕೆಲವು ಓರೆಕೋರೆ, ಕೆಲವು ಶಾಲೆಯ ಕಾಪಿ ಬರಹದಷ್ಟು ದುಂಡಗೆ. ಅವುಗಳ ನಡುವೆ ನಮ್ಮ ಮುಖ ಕಾಣುತ್ತದೆ. ಎಷ್ಟೋ ಹುಡುಗರು ಯುದ್ಧದಿಂದ ಮರಳಲಿಲ್ಲ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಆ ಯುದ್ಧದಲ್ಲೇ ಟೀಗೆ ರೇಷನ್ ಬಂತು. 1940ರ ಜುಲೈನಿಂದ ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಅಂದರೆ ಹತ್ತಿರ ಹತ್ತಿರ 57 ಗ್ರಾಂ. 1952ರ ಅಕ್ಟೋಬರಿನ ತನಕ ರೇಷನ್ ಇತ್ತು. ಸೊಪ್ಪನ್ನು ಅಳೆದು ಪಾಟಿಗೆ ಹಾಕುವ, ಒಂದು ಕಪ್ಪನ್ನೂ ಚೆಲ್ಲದ ಅಭ್ಯಾಸ ಹಳೆಯ ತಲೆಯವರಲ್ಲಿ ಇನ್ನೂ ಇದೆ.

ತಿಂಡಿಯ ವಿಷಯ ಹೇಳದಿದ್ದರೆ ನೀವು ಬಿಡಲ್ಲ. ಸ್ಕೋನ್ ಅಂದರೆ ಸಣ್ಣ ಬನ್ನಿನ ಥರದ ತಿಂಡಿ. ಮೈದಾ, ಬೆಣ್ಣೆ, ಹಾಲು, ಚೂರು ಸಕ್ಕರೆ, ಬೇಕಿಂಗ್ ಪೌಡರ್. ಒಳ್ಳೆ ಸ್ಕೋನಿನ ಸೊಂಟದಲ್ಲಿ ಒಂದು ಬಿರುಕು ಇರುತ್ತದೆ. ಅಲ್ಲಿ ಬೆರಳಿಟ್ಟು ತಿರುವಿದರೆ ಎರಡು ಹೋಳಾಗುತ್ತದೆ, ಒಳಗಿನಿಂದ ಸಣ್ಣ ಹಬೆ ಏಳುತ್ತದೆ. ಚಾಕು ಬೇಡವೇ ಬೇಡ. ಅದರ ಮೇಲೆ ಸ್ಟ್ರಾಬೆರಿ ಜಾಮ್ ಮತ್ತು ‘ಕ್ಲಾಟೆಡ್ ಕ್ರೀಮ್’. ಇದು ನಮಗೆ ಹೊಸದಲ್ಲ. ಅಗಲದ ಪಾತ್ರೆಯಲ್ಲಿ ಕೆನೆಹಾಲನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಅಲುಗಾಡಿಸದೆ ಆರಲು ಬಿಟ್ಟು ಮೇಲಿನ ಕೆನೆ ತೆಗೆಯುವುದು. ಕೆಂಡದ ಮೇಲೆ ಹಾಲಿಟ್ಟು ಮಲಗುತ್ತಿದ್ದ ಅಜ್ಜಿಯರ ಮನೆಯಲ್ಲಿ ಬೆಳಗ್ಗೆ ಸಿಗುತ್ತಿದ್ದ ಆ ಹಳದಿ ಕೆನೆ ನೆನಪಿದೆಯಾ? ಅದೇ. ಡೆವನ್ ಜಿಲ್ಲೆಯವರು ಮೊದಲು ಕೆನೆ ಸವರಿ ಮೇಲೆ ಜಾಮ್ ಹಾಕುತ್ತಾರೆ. ಪಕ್ಕದ ಕಾರ್ನ್‌ವಾಲಿನವರು ಮೊದಲು ಜಾಮ್, ಮೇಲೆ ಕೆನೆ. ಇದಕ್ಕೆ ಅಲ್ಲಿ ಸಾಂಬಾರು ಸಿಹಿಯಾ ಖಾರವಾ ಅನ್ನುವಷ್ಟೇ ಗಂಭೀರ ಜಗಳ. ನನಗೆ ಕಾರ್ನ್‌ವಾಲಿನ ಕ್ರಮ ಹಿಡಿಸಿತು. ಬಿಸಿ ಸ್ಕೋನಿಗೆ ಕೆನೆ ತಾಗಿದರೆ ಕರಗಿ ಹೋಗುತ್ತದೆ.

ಸೌತೆಕಾಯಿ ಸ್ಯಾಂಡ್‌ವಿಚ್, ಕೇಕು, ಮೂರು ತಟ್ಟೆಯ ಸ್ಟ್ಯಾಂಡ್ ಇವೆಲ್ಲ ‘ಆಫ್ಟರ್‌ನೂನ್ ಟೀ’ಗೆ ಸೇರಿದ್ದು. ಅದನ್ನು ‘ಹೈ ಟೀ’ ಅನ್ನುವುದು ನಮ್ಮ ಕಡೆಯ ರೂಢಿ. ಅಲ್ಲಿ ಹೈ ಟೀ ಅಂದರೆ ದುಡಿದು ಬಂದವರು ಸಂಜೆ ಊಟದ ಮೇಜಿಗೆ ಕೂತು ಮಾಡುವ ಗಟ್ಟಿ ಊಟ.

ಲಂಡನ್ನಿನ ಒಂದು ದೊಡ್ಡ ಹೋಟೆಲಿನಲ್ಲೂ ಮಗಳು ಆಫ್ಟರ್‌ನೂನ್ ಟೀ ಕೊಡಿಸಿದಳು. ಬೆಳ್ಳಿಯ ಪಾಟ್, ಪಿಯಾನೋ ಎಲ್ಲ ಇತ್ತು. ಒಂದೂವರೆ ಗಂಟೆ ಆಗುತ್ತಿದ್ದ ಹಾಗೇ ಒಬ್ಬರು ಬಂದು, ಟೇಬಲ್ ಮುಂದಿನವರಿಗೆ ಬೇಕು, ಏಳಿ ಅಂದರು. ಮಾತು ಮೃದುವಾಗಿಯೇ ಇತ್ತು. ನನ್ನ ಕಪ್ಪಿನಲ್ಲಿ ಅರ್ಧ ಟೀ ಇತ್ತು. ತುಂಬಾ ಬೇಜಾರಾಯಿತು. ಅಷ್ಟು ದುಡ್ಡಿಗೆ ಬೆಳ್ಳಿ ಸಿಕ್ಕಿತು, ಇಲ್ಕ್‌ಲಿಯ ಬಿಸಿನೀರಿನ ಜಗ್ ಸಿಗಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಅಲ್ಲಿನ ಪಾಟಿನಲ್ಲಿ ಇರುವ ಸೊಪ್ಪು ಎಲ್ಲಿಯದು? ಅಸ್ಸಾಮಿನ ಟೀ ಮೊದಲ ಸಲ ಲಂಡನ್ನಿನಲ್ಲಿ ಹರಾಜಾದದ್ದು 1839ರ ಜನವರಿಯಲ್ಲಿ, ಬರೀ ಎಂಟು ಪೆಟ್ಟಿಗೆ. ಆ ಶತಮಾನ ಮುಗಿಯುವಷ್ಟರಲ್ಲಿ ಚೀನಾದ ಟೀಯನ್ನು ಭಾರತದ ಟೀ ಹಿಂದೆ ಹಾಕಿತ್ತು. ಅದನ್ನು ಬೆಳೆಸಲು ದೂರದೂರದ ಊರುಗಳಿಂದ ಕರಾರಿನ ಮೇಲೆ ಜನರನ್ನು ಸಾಗಿಸಿದರು. ಎಷ್ಟೋ ಜನ ದಾರಿಯಲ್ಲೇ, ತೋಟದಲ್ಲೇ ಸತ್ತರು. ಲಂಡನ್ನಿನ ಟೈಪಿಸ್ಟ್ ಹುಡುಗಿಗೆ ಅಗ್ಗದ ಟೀ ಸಿಕ್ಕಿದ್ದಕ್ಕೆ ಇದೂ ಕಾರಣ. ಅವಳ ಬಿಡುವಿನ ಬೆಲೆಯನ್ನು ಇಲ್ಲಿ ಸೊಪ್ಪು ಕೀಳುತ್ತಿದ್ದ ಹೆಂಗಸು ತೆತ್ತಳು. ಅವಳಿಗೆ ಕೂರಲು ಎಲ್ಲೂ ಕುರ್ಚಿ ಇರಲಿಲ್ಲ. ಈ ಎರಡೂ ಹೆಂಗಸರನ್ನು ನೆನೆಯದೆ ಟೀ ರೂಮಿನ ಕತೆ ಹೇಳಲು ನನಗೆ ಮನಸ್ಸು ಬರಲಿಲ್ಲ. ಮೆನುವಿನಲ್ಲಿ ನೀಲಗಿರಿ ಟೀ ಕಂಡರೆ ನಾನು ಅದನ್ನೇ ಕೇಳುತ್ತೇನೆ. ನೀಲಗಿರಿಯಲ್ಲಿ ಸಣ್ಣ ತೋಟ ಮಾಡಿಕೊಂಡಿರುವ ಬಡಗರ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರ. ಅಷ್ಟು ದೂರದಲ್ಲಿ ಮನೆ ಕಡೆಯವರು ಸಿಕ್ಕ ಹಾಗಾಗುತ್ತದೆ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ‘ಬೋನ್ ಚೈನಾ ಅಂದರೆ ನಿಜವಾಗಿ ಮೂಳೆನಾ ಮೇಡಂ?’ ಅಂತ ಒಬ್ಬರು ಕೇಳಿದರು. ಹೌದು. ಹೆಸರಿಗೆ ತಕ್ಕ ಹಾಗೆ ಅದರ ಮಣ್ಣಿಗೆ ಮೂಳೆಯ ಬೂದಿ ಸೇರಿಸುತ್ತಾರೆ, ಹತ್ತಿರ ಹತ್ತಿರ ಅರ್ಧದಷ್ಟು. ಅದಕ್ಕೇ ಅಷ್ಟು ತೆಳು, ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣುತ್ತದೆ. ಬೇಡ ಅನ್ನುವವರು ಬೇರೆ ಕಪ್ ಕೇಳಬಹುದು. ಸಣ್ಣ ಊರುಗಳಲ್ಲಿ ಮಾಮೂಲಿ ದಪ್ಪ ಕಪ್ಪುಗಳೇ ಜಾಸ್ತಿ. ಸ್ಕೋನಿನ ಮೇಲೆ ಕೆಲವು ಕಡೆ ಮೊಟ್ಟೆ ಸವರಿರುತ್ತಾರೆ, ಅದನ್ನೂ ಕೇಳಿಯೇ ತಿನ್ನಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು, ನನಗಿಂತ ಹಿರಿಯರು, ಎದ್ದರು. ಮುಂದಿನ ತಿಂಗಳು ಮಗನ ಮನೆಗೆ ಮ್ಯಾಂಚೆಸ್ಟರ್‌ಗೆ ಹೊರಟಿದ್ದಾರಂತೆ. ‘ನಾನು ಒಬ್ಬಳೇ ಹೋದರೆ ಏನು ಕೇಳಬೇಕು, ಎಲ್ಲಿ ಕೂರಬೇಕು?’ ಅಂದರು.

ಪೇಟೆಯ ದೊಡ್ಡ ಜಾಗ ಬಿಡಿ ಅಮ್ಮ, ರೈಲಿನಲ್ಲಿ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿಗೆ ಹೋಗಿ ಅಂದೆ. ಮೂರು ಗಂಟೆ ಹೊತ್ತಿಗೆ ಹೋಗಿ, ಮಧ್ಯಾಹ್ನದ ಊಟದ ಗಲಾಟೆ ಮುಗಿದಿರುತ್ತದೆ. ಒಬ್ಬರಿಗೆ ಒಂದು ಪಾಟ್ ಟೀ, ಒಂದು ಚೀಸ್ ಸ್ಕೋನ್ ಕೇಳಿ. ಮೂಲೆಗೆ ಹೋಗಬೇಡಿ. ಕಿಟಕಿ ಪಕ್ಕದ ಟೇಬಲ್ ಖಾಲಿ ಇದ್ದರೆ ಅಲ್ಲೇ ಕೂತುಕೊಳ್ಳಿ.